ನಿಮ್ಮ ಲೇಖನವನ್ನು ಹಿಂದಿರುಗಿಸುತ್ತಿರುವುದಕ್ಕೆ ಕಾರಣ

ಪ್ರಿಯರೇ,

ಜೆಕೊಸ್ಲೊವಾಕಿಯಾದ ಯಿರ್ಜಿ ತ್ರಂಕಾ 1965ರಲ್ಲಿ ಮಾಡಿದ ‘ಕೈ’ ಎಂಬ ಗೊಂಬೆ ಆನಿಮೇಷನ್ ಚಿತ್ರದ ಕುರಿತು ನೀವು ಕಳುಹಿಸಿದ ಲೇಖನ ತಲುಪಿತು. ವಿಷಯದ ಆಯ್ಕೆ ಚೆನ್ನಾಗಿದೆ, ಭಾಷೆ ಶುದ್ಧವಾಗಿದೆ. ಆದರೂ ಇದನ್ನು ಈಗಿರುವಂತೆ ಪ್ರಕಟಿಸಲು ನನಗೆ ಮನಸ್ಸಾಗುತ್ತಿಲ್ಲ.

ನಿಮ್ಮ ಮೊದಲ ವಾಕ್ಯವೇ ‘ಈ ಕೈ ಸರ್ವಾಧಿಕಾರದ ಸಂಕೇತ’ ಎಂದು ತೀರ್ಪು ಕೊಟ್ಟುಬಿಡುತ್ತದೆ. ಚಿತ್ರ ನೋಡಿರದ ಓದುಗರಿಗೆ ಆ ಕೈ ಹೇಗಿದೆಯೆಂಬುದೇ ಗೊತ್ತಿಲ್ಲ. ಅದು ಕೈಗವಸು ತೊಟ್ಟ ನಿಜವಾದ ಮನುಷ್ಯನ ಕೈ; ಅದರೆದುರಿನ ಕುಂಬಾರ ಮಾತ್ರ ಪುಟ್ಟ ಗೊಂಬೆ. ತನ್ನ ಗುಲಾಬಿ ಗಿಡಕ್ಕೊಂದು ಕುಂಡ ಮಾಡಿಕೊಳ್ಳುವುದಷ್ಟೇ ಅವನ ಆಸೆ. ಕೈ ಒಳನುಗ್ಗಿ, ತಿಗರಿಯ ಮೇಲಿನ ಹಸಿಮಣ್ಣನ್ನು ಒತ್ತಿ ತನ್ನದೇ ಪ್ರತಿಮೆ ಮಾಡುತ್ತದೆ. ಅವನು ಅದನ್ನು ಮತ್ತೆ ಕುಂಡವಾಗಿಸುತ್ತಾನೆ. ಇಷ್ಟನ್ನು ಬರೆದಿದ್ದರೆ ‘ಸಂಕೇತ’ ಎನ್ನುವ ಅಗತ್ಯವೇ ಬೀಳುತ್ತಿರಲಿಲ್ಲ.

ಎರಡನೆಯ ಪುಟದಲ್ಲಿ ‘ಕುಂಬಾರನ ಮುಖದಲ್ಲಿ ಭಯ ಮೂಡುತ್ತದೆ’ ಎಂದಿದ್ದೀರಿ. ಮೂಡುವುದಿಲ್ಲ. ತ್ರಂಕಾ ಅವರ ಗೊಂಬೆಗಳಿಗೆ ಬಣ್ಣದಲ್ಲಿ ಬರೆದ ಮುಖ, ಅದು ಬದಲಾಗುವುದಿಲ್ಲ. ಬೆಳಕು ಬೀಳುವ ರೀತಿ, ಕ್ಯಾಮೆರಾದ ಕೋನ, ತಲೆ ವಾಲುವ ಬಗೆ, ಇವುಗಳಿಂದಲೇ ನಮಗೆ ಅಲ್ಲಿ ಭಯ ಕಾಣುತ್ತದೆ. ಸೆಕೆಂಡಿಗೆ 24 ಫ್ರೇಮುಗಳು ಓಡುವ ಫಿಲ್ಮಿಗಾಗಿ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ, ನಿಲ್ಲಿಸಿ, ಚಿತ್ರೀಕರಿಸಿ, ಮತ್ತೆ ಸರಿಸಬೇಕು. ತೆರೆಯ ಮೇಲೆ ಅವನನ್ನು ಪೀಡಿಸುವುದೂ ಮನುಷ್ಯನ ಕೈ, ತೆರೆಯಾಚೆ ಅವನಿಗೆ ಜೀವ ಕೊಡುವುದೂ ಮನುಷ್ಯನ ಕೈ. ‘ಕೈಯಿಂದ ಮಾಡಿದ ಪ್ರತಿಭಟನೆ’ ಎಂದು ಶೀರ್ಷಿಕೆಯಿಟ್ಟ ಲೇಖನದಲ್ಲಿ ಈ ದುಡಿಮೆಯ ಬಗ್ಗೆ ಒಂದು ಸಾಲೂ ಇಲ್ಲದಿರುವುದು ನನಗೆ ಬಹಳ ಬೇಸರ ತಂದಿತು.

ನಾನು ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ ದಿನಗಳಲ್ಲಿ ಅಲ್ಲಿನ ಹಿರಿಯ ಉಪಸಂಪಾದಕರು ಆಗಾಗ ನನ್ನನ್ನು ನಾಟಕ ನೋಡಲು ಕಳಿಸುತ್ತಿದ್ದರು. ಮರುದಿನ ನನ್ನ ಬರಹವನ್ನು ಪಕ್ಕಕ್ಕಿಟ್ಟು, ನಾಯಕ ಯಾವ ಕಡೆಯಿಂದ ರಂಗಕ್ಕೆ ಬಂದ, ಕೈಯಲ್ಲಿ ಏನು ಹಿಡಿದಿದ್ದ ಎಂದು ಕೇಳುತ್ತಿದ್ದರು. ಅದಕ್ಕೆ ಉತ್ತರ ಸಿಕ್ಕಿದ ಮೇಲೆಯೇ ನನ್ನ ಅಭಿಪ್ರಾಯಕ್ಕೆ ಕಿವಿಗೊಡುತ್ತಿದ್ದುದು. ನಿಮ್ಮನ್ನೂ ಹಾಗೆಯೇ ಕೇಳಬೇಕೆನಿಸುತ್ತದೆ.

ಏಕೆಂದರೆ ನಿಮ್ಮ ಕೊನೆಯ ಪುಟದ ಪ್ರಕಾರ ‘ಪ್ರಭುತ್ವ ಅವನನ್ನು ಕೊಲ್ಲುತ್ತದೆ’. ಚಿತ್ರದಲ್ಲಿ ನಡೆಯುವುದೇ ಬೇರೆ. ಕೈ ತನ್ನನ್ನು ಕೂಡಿಹಾಕಿದ್ದ ಪಂಜರದಿಂದ ತಪ್ಪಿಸಿಕೊಂಡು ಬಂದ ಕುಂಬಾರ ಮನೆಯ ಬಾಗಿಲು ಕಿಟಕಿಗಳನ್ನೆಲ್ಲ ಭದ್ರಪಡಿಸಿಕೊಂಡ ಮೇಲೆ, ಬೀರುವಿನ ಮೇಲೆ ಅವನೇ ಜೋಪಾನವಾಗಿಟ್ಟ ಕುಂಡ ಉರುಳಿ ಅವನ ತಲೆಯ ಮೇಲೆ ಬೀಳುತ್ತದೆ. ಅದನ್ನು ಯಾರೂ ತಳ್ಳುವುದಿಲ್ಲ. ಅವನು ಸತ್ತ ಮೇಲೆ ಕೈ ಆ ಬೀರುವನ್ನೇ ಶವಪೆಟ್ಟಿಗೆಯಾಗಿಸಿ, ಪದಕ ತೊಡಿಸಿ, ಗೌರವವಂದನೆ ಸಲ್ಲಿಸುತ್ತದೆ. ಅಂಜಿಕೆಯೇ ಮನುಷ್ಯನನ್ನು ಮುಗಿಸಬಲ್ಲದು, ಆಮೇಲೆ ಅವನ ಹೆಸರನ್ನೂ ಪ್ರಭುತ್ವ ವಶಪಡಿಸಿಕೊಳ್ಳಬಲ್ಲದು ಎಂಬ ಇಂಥ ಕಠೋರ ಮಾತನ್ನು ನೀವು ಒಂದು ಘೋಷಣೆಗೆ ಇಳಿಸಿದ್ದೀರಿ.

‘ಗುಟ್ಟಾಗಿ ತಯಾರಿಸಿದ’ ಎಂಬುದನ್ನೂ ತೆಗೆಯಿರಿ. ಚಿತ್ರೋದ್ಯಮವೆಲ್ಲ ರಾಷ್ಟ್ರೀಕರಣಗೊಂಡಿದ್ದ ಆ ದೇಶದಲ್ಲಿ ಇದು ಸರ್ಕಾರದ ಸ್ಟುಡಿಯೊದಲ್ಲೇ ತಯಾರಾಯಿತು. ನಿಷೇಧ ಬಂದದ್ದು 1969ರ ಡಿಸೆಂಬರಿನಲ್ಲಿ ತ್ರಂಕಾ ತೀರಿಕೊಂಡ ಮೇಲೆ.

ಚಿತ್ರವನ್ನು ಇನ್ನೊಮ್ಮೆ ನೋಡಿ, ಕುಂಡ ಬೀಳುವ ದೃಶ್ಯಕ್ಕೆ ಒಂದು ಇಡೀ ಪ್ಯಾರಾ ಕೊಟ್ಟು ಲೇಖನವನ್ನು ಮರಳಿ ಕಳುಹಿಸಿ.

ವಂದನೆಗಳೊಂದಿಗೆ,
ಸಂಪಾದಕ