ಹಿಮನದಿಯ ಜಮಾ-ಖರ್ಚು

ಪ್ರಶ್ನೆ: ಹಿಮನದಿಗಳು ಮುಂದೆ, ಹಿಂದೆ ಸರಿಯುವುದನ್ನು ಕಂಪ್ಯೂಟರ್ ಹೇಗೆ ಲೆಕ್ಕ ಹಾಕುತ್ತದೆ?
— ಓದುಗರೊಬ್ಬರು, ಮುನಿರಾಬಾದ್, ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮೂರ ಪಕ್ಕದ ತುಂಗಭದ್ರಾ ಜಲಾಶಯಕ್ಕೆ ಒಳಹರಿವು, ಹೊರಹರಿವು ಇರುವಂತೆಯೇ ಹಿಮನದಿಗೂ ಮೇಲ್ಭಾಗದಲ್ಲಿ ಬೀಳುವ ಹಿಮ ಜಮೆ, ಕೆಳಗೆ ಕರಗುವುದು ಖರ್ಚು. ಆದರೆ ಮಂಜುಗಡ್ಡೆ ತನ್ನದೇ ಭಾರಕ್ಕೆ ಜೋನಿಬೆಲ್ಲದಂತೆ ನಿಧಾನವಾಗಿ ಇಳಿಜಾರಿನತ್ತ ಹರಿಯುತ್ತದೆ. ಮಂಜುಗಡ್ಡೆಯ ಹರಿವನ್ನು ವಿವರಿಸುವ ಗ್ಲೆನ್ ನಿಯಮದಂತೆ, ಒಳಗೆ ಜಗ್ಗುವ ಬಲ ಎರಡು ಪಟ್ಟಾದರೆ ಅದರ ಆಕಾರ ಬದಲಾಗುವ ವೇಗ ಸುಮಾರು 8 ಪಟ್ಟಾಗುತ್ತದೆ. ದಪ್ಪ, ಇಳಿಜಾರು ಹೆಚ್ಚಿದಂತೆ ಈ ಬಲವೂ ಹೆಚ್ಚುತ್ತದೆ. ಆದ್ದರಿಂದ ಗಣಕ ಮಾದರಿಯು ಕಣಿವೆಯನ್ನು ಚಿಕ್ಕ ಚಿಕ್ಕ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದ ದಪ್ಪ, ಇಳಿಜಾರು, ಜಮಾ-ಖರ್ಚುಗಳಿಂದ ಮುಂದಿನ ವರ್ಷದ ದಪ್ಪವನ್ನು ಕಂಡುಕೊಳ್ಳುತ್ತಾ ಸಾಗುತ್ತದೆ. ಹಿಮನದಿ ಹಿಂದೆ ಸರಿಯಿತೆಂದರೆ ಮಂಜುಗಡ್ಡೆ ಮೇಲಕ್ಕೆ ಹರಿಯಿತೆಂದಲ್ಲ, ಇಳಿದು ಬಂದದ್ದಕ್ಕಿಂತ ಕರಗಿದ್ದೇ ಹೆಚ್ಚು ಎಂದರ್ಥ. ಸುಮಾರು 30 ಕಿಲೋಮೀಟರ್ ಉದ್ದದ ಗಂಗೋತ್ರಿಯಂಥ ಹಿಮನದಿಗೆ ತಾಪಮಾನದ ಬದಲಾವಣೆಗೆ ಪೂರ್ತಿ ಹೊಂದಿಕೊಳ್ಳಲು ದಶಕಗಳೇ ಬೇಕು. ಹೀಗಾಗಿ ಮಾದರಿಯನ್ನು ಮೊದಲು ಹಳೆಯ ನಕ್ಷೆ, ಅಳತೆಗಳೊಂದಿಗೆ ತಾಳೆ ನೋಡಿ, ಆಮೇಲೆಯೇ ಭವಿಷ್ಯಕ್ಕೆ ಅನ್ವಯಿಸಬೇಕು.