ಜರ್ಮನಿಗೆ ಹೋಗಲಾ, ಕೋಲಾರದಲ್ಲೇ ಇರಲಾ? ತೋಪು ಮಾರುವ ಮುಂಚೆ ಒಂದು ಲೆಕ್ಕ

ಪ್ರಶ್ನೆ: ಮೇಡಂ, ನಾನು ಶ್ರೀನಿವಾಸಪುರ ತಾಲ್ಲೂಕಿನವಳು. ವಯಸ್ಸು 31. ಜಿಎನ್‌ಎಂ ಮುಗಿಸಿ ಎಂಟು ವರ್ಷದಿಂದ ಕೋಲಾರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಕೈಗೆ 24,000 ಬರುತ್ತದೆ. ನಮ್ಮ ಯಜಮಾನರು ನರಸಾಪುರದ ಒಂದು ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಮೇಲೆ ಇದ್ದಾರೆ, ಅವರಿಗೆ 19,000. ನಾಲ್ಕು ವರ್ಷದ ಮಗ ಇದ್ದಾನೆ. ಬೆಂಗಳೂರಿನ ಏಜೆನ್ಸಿಯೊಂದು ಜರ್ಮನಿಯ ಆಸ್ಪತ್ರೆಯಲ್ಲಿ ಕೆಲಸ ಕೊಡಿಸುತ್ತೇವೆ, ತಿಂಗಳಿಗೆ 2,800 ಯೂರೋ, ನಮ್ಮ ದುಡ್ಡಲ್ಲಿ ಎರಡೂಮುಕ್ಕಾಲು ಲಕ್ಷದ ಮೇಲೆ ಅನ್ನುತ್ತಿದೆ. ಅದಕ್ಕೆ ನಾಲ್ಕೂವರೆ ಲಕ್ಷ ಕಟ್ಟಬೇಕಂತೆ. ಮಾವನವರು ಎರಡು ಎಕರೆ ಮಾವಿನ ತೋಪಿನಲ್ಲಿ ಇಪ್ಪತ್ತು ಗುಂಟೆ ಮಾರೋಣ, ಹೇಗಿದ್ದರೂ ತೋತಾಪುರಿಗೆ ಬೆಲೆ ಇಲ್ಲ ಅನ್ನುತ್ತಾರೆ. ಅತ್ತೆ ಬೇಡವೇ ಬೇಡ ಅನ್ನುತ್ತಾರೆ. ಯಜಮಾನರು ಏನೂ ಹೇಳಲ್ಲ. ಹೋದರೆ ಏನು ಸಿಗುತ್ತೆ, ಏನು ಕೈಬಿಡುತ್ತೆ, ಸ್ವಲ್ಪ ಬಿಡಿಸಿ ಹೇಳಿ.
- ಹೆಸರು ಬೇಡ, ಶ್ರೀನಿವಾಸಪುರ ತಾಲ್ಲೂಕು

ಉತ್ತರ: ಲೆಕ್ಕಕ್ಕೆ ಮುಂಚೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಹೋಗಬಹುದು. ಆದರೆ ಈ ಏಜೆನ್ಸಿ ಕೈಯಲ್ಲಿ ಬೇಡ, ತೋಪು ಮಾರಿ ಬೇಡ, ಈ ವರ್ಷವೇ ಹೊರಡುವುದೂ ಬೇಡ. ನಾನೂ ನರ್ಸ್ ಆಗಿ ಹನ್ನೊಂದು ವರ್ಷ ಗಲ್ಫ್‌ನಲ್ಲಿ ದುಡಿದು ಬಂದವಳು. ಹೋಗಲೇಬೇಡಿ ಅಂತ ಹೆದರಿಸುವ ಹಕ್ಕು ನನಗಿಲ್ಲ. ನಾನು ಈಗ ಕೂತು ಬರೆಯುತ್ತಿರುವ ಮನೆಯ ತಾರಸಿ ಬಿದ್ದದ್ದೇ ಆ ದುಡ್ಡಲ್ಲಿ.

ಮೊದಲು ಆ 2,800 ಯೂರೋ. ಅದು ಕಾಗದದ ಮೇಲಿನ ಸಂಬಳ. ಜರ್ಮನಿಯಲ್ಲಿ ನಿಮ್ಮ ಕೈಗೆ ಬರುವ ಮುಂಚೆಯೇ ಪಿಂಚಣಿಗೆ ನೂರಕ್ಕೆ 9.3 ಹಿಡಿಯುತ್ತಾರೆ. ಆರೋಗ್ಯ ವಿಮೆಗೆ ಎಂಟರ ಮೇಲೆ, ನಿರುದ್ಯೋಗ ವಿಮೆಗೆ 1.3, ಮುಪ್ಪಿನ ಆರೈಕೆ ವಿಮೆಗೆ ಇನ್ನಷ್ಟು. ಇದಾದ ಮೇಲೆ ಆದಾಯ ತೆರಿಗೆ. ಒಬ್ಬರೇ ಹೋದರೆ ಕೈಗೆ 1,900ರ ಆಸುಪಾಸು ಬರುತ್ತದೆ. ಸಣ್ಣ ಊರಿನಲ್ಲಿ ಒಂದು ಕೋಣೆಗೆ 500, ಮನೆಯಲ್ಲೇ ಅಡುಗೆ ಮಾಡಿಕೊಂಡರೆ ಊಟಕ್ಕೆ 250. ದೇಶವೆಲ್ಲ ಓಡಾಡುವ ಬಸ್ಸು-ರೈಲಿನ ತಿಂಗಳ ಪಾಸು 2026ರಿಂದ 63. ಟಿವಿ-ರೇಡಿಯೋ ಶುಲ್ಕ ಅಂತ ಮನೆಗೆ 18.36 ಕಟ್ಟಬೇಕು, ಮನೆಯಲ್ಲಿ ಟಿವಿ ಇರಲಿ ಬಿಡಲಿ. ಫೋನು, ಸೋಪು, ಔಷಧಿ, ಚಳಿಗಾಲದ ಕೋಟು ಅಂತ ಇನ್ನೊಂದಿಷ್ಟು. ವರ್ಷಕ್ಕೊಮ್ಮೆ ಊರಿಗೆ ಬರುವ ವಿಮಾನದ ದುಡ್ಡನ್ನೂ ತಿಂಗಳಿಗೆ ಹಂಚಿ. ಎಲ್ಲ ಕಳೆದು 800 ಉಳಿದರೆ ಚೆನ್ನಾಗಿ ಸಂಸಾರ ಮಾಡಿದಿರಿ ಅಂತ ಅರ್ಥ.

ಯೂರೋಗೆ ನೂರು ರೂಪಾಯಿ ಅಂತ ಇಟ್ಟುಕೊಂಡರೆ ಅದು 80,000. ಈಗ ನಿಮಗೆ ಬರುವ ಸಂಬಳದ ಮೂರು ಪಟ್ಟಿಗೂ ಜಾಸ್ತಿ, ಅದೂ ಉಳಿತಾಯವಾಗಿ. ಸಣ್ಣ ದುಡ್ಡೇನಲ್ಲ. ಆದರೆ ಇದು ನೀವು ಒಬ್ಬರೇ ಇರುವವರೆಗಿನ ಲೆಕ್ಕ. ಗಂಡ, ಮಗ ಬಂದ ತಿಂಗಳೇ ಎರಡು ಕೋಣೆಯ ಮನೆ ಬೇಕು, ಬಾಡಿಗೆ ಹೆಚ್ಚುಕಡಿಮೆ ಎರಡರಷ್ಟು. ಮಗುವಿಗೆ ಅಂತ ಅಲ್ಲಿನ ಸರ್ಕಾರ ತಿಂಗಳಿಗೆ 250 ಯೂರೋ ಮೇಲೆ ಕೊಡುತ್ತದೆ, ನಿಜ. ಆದರೂ ಯಜಮಾನರಿಗೆ ಕೆಲಸ ಸಿಗುವವರೆಗೆ ಊರಿಗೆ ಕಳಿಸಲು ಹೆಚ್ಚೇನೂ ಉಳಿಯುವುದಿಲ್ಲ. ಏಜೆನ್ಸಿಯವರು ತೋರಿಸುವ ಕನಸಿನಲ್ಲಿ ಒಂಟಿ ಇರುವವರ ಉಳಿತಾಯ ಮತ್ತು ಸಂಸಾರ ಜೊತೆಗಿರುವವರ ಫೋಟೋ ಎರಡೂ ಒಟ್ಟಿಗೆ ಇರುತ್ತವೆ. ಮೊದಲ ಕೆಲವು ವರ್ಷ ಎರಡರಲ್ಲಿ ಒಂದೇ ಸಿಗುವುದು.

ಇನ್ನು ನಾಲ್ಕೂವರೆ ಲಕ್ಷ. 1983ರ ವಲಸೆ ಕಾಯ್ದೆ ಪ್ರಕಾರ ವಿದೇಶಕ್ಕೆ ಜನ ಕಳಿಸುವ ಏಜೆಂಟ್ ಕೇಂದ್ರ ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಅವನು ತನ್ನ ಸೇವೆಗೆ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ಮತ್ತು ಜಿಎಸ್‌ಟಿ. ಒಟ್ಟು 35,400. ಹಾಗಾದರೆ ಉಳಿದ ನಾಲ್ಕು ಲಕ್ಷ ಚಿಲ್ಲರೆ ಯಾವುದಕ್ಕೆ? ಕೇಳಿ ನೋಡಿ. ಭಾಷೆ ಕಲಿಸುವುದು, ಕಾಗದ ಮಾಡಿಸುವುದು, 'ಪ್ರೊಸೆಸಿಂಗ್' ಅನ್ನುತ್ತಾರೆ. ಒಂದೊಂದಕ್ಕೂ ಬೇರೆ ಬೇರೆ ರಸೀದಿ ಕೊಡಿ ಅನ್ನಿ, ಮುಖ ನೋಡಿ. ಲೈಸೆನ್ಸ್ ನಂಬರ್ ಕೇಳಿ, ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಹಾಕಿ, ಹೆಸರು ಬರುತ್ತದಾ ನೋಡಿ. ಹೆಸರಿನಲ್ಲಿ ಒಂದು ಅಕ್ಷರ ವ್ಯತ್ಯಾಸ ಇದ್ದರೂ ಅದು ಬೇರೆ ಕಂಪನಿ ಅಂತಲೇ ತಿಳಿಯಿರಿ.

ಜರ್ಮನಿಗೆ ನರ್ಸ್‌ಗಳ ಕೊರತೆ ಇದೆ. ಆದ್ದರಿಂದ ಅಲ್ಲಿನ ಒಳ್ಳೆಯ ಆಸ್ಪತ್ರೆಗಳು ಭಾಷಾ ತರಗತಿ, ವೀಸಾ, ವಿಮಾನದ ಖರ್ಚನ್ನು ತಾವೇ ಹಾಕುತ್ತವೆ. ನರ್ಸ್ ಕೈಯಿಂದ ದುಡ್ಡು ಕೀಳದೆ ನೇಮಕ ಮಾಡುವವರಿಗೆ ಅಲ್ಲಿನ ಸರ್ಕಾರದ್ದೇ ಒಂದು ಮುದ್ರೆ ಇದೆ. ಆ ಮುದ್ರೆ ಇರುವವರನ್ನು ಹುಡುಕಿ. ನಮ್ಮ ರಾಜ್ಯದ ಕೌಶಲ್ಯ ಅಭಿವೃದ್ಧಿ ನಿಗಮದ ಅಡಿಯಲ್ಲೂ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ, ಅಲ್ಲಿ ಮೊದಲು ವಿಚಾರಿಸಿ. ಹಾಗಂತ ಪುಕ್ಕಟೆ ಬಂದದ್ದಕ್ಕೆಲ್ಲ ಕಣ್ಣುಮುಚ್ಚಿ ಸೈನ್ ಹಾಕಬೇಡಿ. 'ಇಷ್ಟು ವರ್ಷದೊಳಗೆ ಕೆಲಸ ಬಿಟ್ಟರೆ ಖರ್ಚು ವಾಪಸ್ ಕಟ್ಟಬೇಕು' ಅನ್ನುವ ಷರತ್ತು ಕರಾರಿನ ಹಿಂದಿನ ಪುಟದಲ್ಲಿ ಇರುತ್ತದೆ. ಎಷ್ಟು ವರ್ಷ, ಎಷ್ಟು ಯೂರೋ, ತಿಂಗಳು ಕಳೆದಂತೆ ಅದು ಇಳಿಯುತ್ತದಾ, ಮೂರನ್ನೂ ಓದಿಕೊಳ್ಳಿ.

ಭಾಷೆ ಬಗ್ಗೆ ಹೇಳದೆ ಇದ್ದರೆ ತಪ್ಪಾಗುತ್ತದೆ. ಎ1, ಎ2, ಬಿ1, ಬಿ2 ಅಂತ ನಾಲ್ಕು ಮೆಟ್ಟಿಲು. ನರ್ಸ್ ಲೈಸೆನ್ಸಿಗೆ ಸಾಮಾನ್ಯವಾಗಿ ಬಿ2 ಬೇಕು. 'ಆರೇ ತಿಂಗಳಲ್ಲಿ ಬಿ2' ಅಂತ ಬೋರ್ಡ್ ಹಾಕಿಕೊಂಡವರನ್ನು ನಂಬಬೇಡಿ. ನೈಟ್ ಡ್ಯೂಟಿ ಮಾಡಿಕೊಂಡು, ಮಗು ನೋಡಿಕೊಂಡು ಕಲಿಯುವ ನಿಮಗೆ ವರ್ಷದ ಮೇಲೇ ಹಿಡಿಯುತ್ತದೆ. ಪರೀಕ್ಷೆ ಪಾಸಾಗುವುದು ಬೇರೆ, ವಾರ್ಡಿನಲ್ಲಿ ಅರ್ಥವಾಗುವುದು ಬೇರೆ. ಪುಸ್ತಕದ ಜರ್ಮನ್ ಕಲಿತು ಹೋದ ಹುಡುಗಿಗೆ ಅಲ್ಲಿನ ಹಳ್ಳಿ ಅಜ್ಜ ನೋವು ಎಲ್ಲಿದೆ ಅಂತ ಹೇಳಿದರೆ ತಿಳಿಯುವುದಿಲ್ಲ. ಮುಳಬಾಗಿಲು ಕಡೆಯ ತೆಲುಗು ಬೆರೆತ ಕನ್ನಡವನ್ನು ಧಾರವಾಡದ ನರ್ಸ್ ಕೇಳಿಸಿಕೊಂಡ ಹಾಗೆ.

ಕೆಲಸವೂ ಇಲ್ಲಿನ ಹಾಗಿಲ್ಲ. ಇಲ್ಲಿ ನೀವು ಐವಿ ಹಾಕುತ್ತೀರಿ, ಇಂಜೆಕ್ಷನ್ ಕೊಡುತ್ತೀರಿ, ಮೈ ಒರೆಸುವುದು, ಬೆಡ್‌ಪ್ಯಾನ್ ಇಡುವುದನ್ನು ಆಯಾ ನೋಡಿಕೊಳ್ಳುತ್ತಾರೆ, ಊಟ ಮಾಡಿಸುವುದು ಮನೆಯವರ ಕೆಲಸ. ಅಲ್ಲಿ ಅದೆಲ್ಲ ನರ್ಸ್ ಕೆಲಸವೇ. ಬೆಳಗ್ಗೆ ತೊಂಬತ್ತು ಕಿಲೋ ತೂಕದ ಅಜ್ಜನನ್ನು ಮಗ್ಗುಲು ತಿರುಗಿಸಿ, ಮೈ ತೊಳೆದು, ಹಲ್ಲುಸೆಟ್ಟು ತೊಳೆದುಕೊಟ್ಟು, ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಡಬೇಕು. ಡ್ರಿಪ್ ಕೊಡಲು ರಕ್ತನಾಳಕ್ಕೆ ಕ್ಯಾನುಲಾ ಹಾಕುವುದನ್ನು ಎಷ್ಟೋ ಕಡೆ ಡಾಕ್ಟರೇ ಮಾಡುತ್ತಾರೆ. ನಿಮ್ಮ ಓದಿಗೆ ಅಲ್ಲಿನ ಮಾನ್ಯತೆ ಸಿಗುವವರೆಗೆ ನೀವು ಸಹಾಯಕಿಯೇ. ಸಾಮಾನ್ಯವಾಗಿ ಭಾರತದ ನರ್ಸ್‌ಗಳಿಗೆ 'ಇಷ್ಟು ವಿಷಯ ಕಡಿಮೆ ಇದೆ' ಅಂತ ಪತ್ರ ಬರುತ್ತದೆ, ಆಮೇಲೆ ತರಬೇತಿ ಇಲ್ಲವೇ ಪರೀಕ್ಷೆ. ಇದರಲ್ಲಿ ಅವಮಾನ ಏನೂ ಇಲ್ಲ, ಆದರೆ ಗೊತ್ತಿಲ್ಲದೆ ಹೋದವರು ಮೊದಲ ತಿಂಗಳೇ ಬಾತ್‌ರೂಮಿನಲ್ಲಿ ಅಳುತ್ತಾರೆ. ಮೈಬಣ್ಣ ನೋಡಿ ಮುಖ ತಿರುಗಿಸುವ ರೋಗಿಗಳೂ ಒಬ್ಬಿಬ್ಬರು ಸಿಗುತ್ತಾರೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಹಾಲು ಮರೆತರೆ ಮರೆತಂತೆಯೇ.

ಸಿಗುವುದನ್ನೂ ಹೇಳಬೇಕಲ್ಲ. ಕಾಯಿಲೆ ಬಿದ್ದರೆ ಆರು ವಾರದವರೆಗೆ ಪೂರ್ತಿ ಸಂಬಳ, ಅದು ಕಾನೂನು. ನಿಮ್ಮ ಈಗಿನ ಕೆಲಸದಲ್ಲಿ ಮೂರು ದಿನ ಜ್ವರ ಬಂದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಮಗನಿಗೆ ಸರ್ಕಾರಿ ಶಾಲೆಯಲ್ಲಿ ಫೀಸಿಲ್ಲ, ಮುಂದೆ ಸರ್ಕಾರಿ ವಿಶ್ವವಿದ್ಯಾಲಯದಲ್ಲೂ ಬಹುತೇಕ ಇಲ್ಲ. ಮಾನ್ಯತೆ ಪಡೆದು ಮೂರು ವರ್ಷ ದುಡಿದರೆ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಐದು ವರ್ಷ ಪಿಂಚಣಿ ಕಟ್ಟಿದರೆ ಮುಂದೆ ಅಲ್ಲಿನ ಪಿಂಚಣಿಗೆ ಹಕ್ಕು ಬರುತ್ತದೆ. ಎರಡು ದೇಶಗಳ ನಡುವೆ 2017ರಿಂದ ಸಾಮಾಜಿಕ ಭದ್ರತೆ ಒಪ್ಪಂದ ಇದೆ, ಅದನ್ನು ಕೋಲಾರದಲ್ಲಿ ಕೂತೂ ಪಡೆಯಬಹುದು. ಹನ್ನೊಂದು ವರ್ಷ ಗಲ್ಫ್‌ನಲ್ಲಿ ದುಡಿದ ನನಗೆ ಇದ್ಯಾವುದೂ ಇರಲಿಲ್ಲ, ವೀಸಾ ಮುಗಿದ ದಿನ ಸಂಬಂಧವೂ ಮುಗಿಯಿತು. ಈ ಒಂದು ವಿಷಯಕ್ಕೆ ನಿಮ್ಮನ್ನು ಕಂಡರೆ ಸ್ವಲ್ಪ ಹೊಟ್ಟೆಕಿಚ್ಚು.

ಈಗ ಮಗನ ವಿಷಯ. ನನ್ನ ಮಗಳಿಗೆ ಆಗ ಐದು ವರ್ಷ. ಒಂದು ತಿಂಗಳ ರಜೆ ಮುಗಿಸಿ ಹೊರಡುವ ದಿನ ಪಾಸ್‌ಪೋರ್ಟ್ ಕಾಣಲಿಲ್ಲ. ಬೀರು, ಸೂಟ್‌ಕೇಸು, ದೇವರ ಗೂಡು ಎಲ್ಲ ಹುಡುಕಿದೆವು. ಹೊರಗೆ ಕಾರಿನವನು ಹಾರ್ನ್ ಹೊಡೆಯುತ್ತಿದ್ದ. ಕೊನೆಗೆ ನಮ್ಮಮ್ಮ ರಾಗಿ ಡ್ರಮ್ಮಿಗೆ ಕೈ ಹಾಕಿದರು. ಮೊಳಕೈ ಮುಳುಗುವಷ್ಟು ಆಳದಲ್ಲಿತ್ತು. ಯಾರೂ ಅವಳಿಗೆ ಬೈಯಲಿಲ್ಲ. ಪಾಸ್‌ಪೋರ್ಟಿನ ಹಾಳೆಗಳ ಸಂದಿಯಿಂದ ರಾಗಿ ಕೊಡವಿ ಕಾರು ಹತ್ತಿದೆ.

ಆದ್ದರಿಂದ ನಿಮಗೆ ನನ್ನದು ಒಂದೇ ಷರತ್ತು. ಮಗನನ್ನು ಬಿಟ್ಟಿರುವುದಕ್ಕೆ ಕೊನೆಯ ದಿನಾಂಕ ಇಟ್ಟುಕೊಳ್ಳಿ. ಇಲ್ಲೇ ಭಾಷೆ ಮುಗಿಸಿಕೊಂಡು ಹೋದರೆ ಅಲ್ಲಿ ಒಂಟಿ ಇರುವ ಕಾಲ ಕಡಿಮೆಯಾಗುತ್ತದೆ. ಅದಕ್ಕೇ ಈ ವರ್ಷ ಬೇಡ ಅಂದದ್ದು. ಅಲ್ಲಿ ಆರು ವರ್ಷಕ್ಕೆ ಒಂದನೇ ತರಗತಿ ಶುರು. ಆ ವಯಸ್ಸಿನಲ್ಲಿ ಬಂದ ಮಕ್ಕಳು ಭಾಷೆಯನ್ನು ಆಟದಲ್ಲೇ ಹಿಡಿದುಬಿಡುತ್ತಾರೆ. ಹನ್ನೆರಡಕ್ಕೆ ಬಂದವರು ಒದ್ದಾಡುತ್ತಾರೆ.

ಅತ್ತೆ-ಮಾವನ ಬಗ್ಗೆ ನೇರವಾಗಿ ಹೇಳುತ್ತೇನೆ. 2024ರ ಮಾರ್ಚ್ ನಂತರ ಪರವಾನಗಿ ಪಡೆದ ಕುಶಲ ಕೆಲಸಗಾರರು ತಂದೆ-ತಾಯಿಯನ್ನು ಕರೆಸಿಕೊಳ್ಳಲು ಜರ್ಮನಿಯ ಕಾನೂನಿನಲ್ಲಿ ದಾರಿ ಇದೆ. ಆದರೆ ಅವರ ಆರೋಗ್ಯ ವಿಮೆ ನೀವೇ ಮಾಡಿಸಬೇಕು. ಬಿಪಿ, ಶುಗರ್ ಇರುವ ಅರವತ್ತು ದಾಟಿದವರಿಗೆ ಅಲ್ಲಿ ವಿಮೆ ಕೊಡುವವರು ಸಿಗುವುದು ಬಹಳ ಕಷ್ಟ. ಅವರು ಇಲ್ಲೇ ಇರುತ್ತಾರೆ ಅಂತಲೇ ಲೆಕ್ಕ ಹಾಕಿ. ರಾತ್ರಿ ಹೊತ್ತು ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಯಾರು? ನಾದಿನಿ ಇದ್ದರೆ ಅವರ ಜೊತೆ ಈಗಲೇ ಕೂತು ಮಾತಾಡಿ.

ತೋಪಿನ ಮಾತು. 2025ರಲ್ಲಿ ತೋತಾಪುರಿ ಬೆಲೆ ನೆಲಕಚ್ಚಿ ಶ್ರೀನಿವಾಸಪುರದಲ್ಲಿ ಬಂದ್ ಆದದ್ದು ನನಗೂ ಗೊತ್ತು. ಮಾವನವರ ಬೇಸರ ಅರ್ಥವಾಗುತ್ತದೆ. ಆದರೆ ಒಂದು ವಿಷಯ ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ಎನ್‌ಆರ್‌ಐ ಆದವರು ಇಲ್ಲಿ ಮನೆ, ಸೈಟು ಕೊಳ್ಳಬಹುದು, ಕೃಷಿ ಜಮೀನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ನಾಳೆ ನೀವು ಗಂಡ-ಹೆಂಡತಿ ಇಬ್ಬರೂ ಅಲ್ಲಿ ನೆಲೆ ನಿಂತರೆ ಈ ಇಪ್ಪತ್ತು ಗುಂಟೆಯನ್ನು ಮತ್ತೆ ದುಡ್ಡು ಕೊಟ್ಟು ತರಲಾರಿರಿ. ಮುಂದೆ ಅಲ್ಲಿನ ಪೌರತ್ವ ತೆಗೆದುಕೊಂಡರೂ ಅದೇ ಕಥೆ. ಜರ್ಮನಿ 2024ರಿಂದ ಎರಡು ಪೌರತ್ವ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ಆ ದಿನವೇ ಭಾರತದ ಪೌರತ್ವ ಹೋಗುತ್ತದೆ, ಆಮೇಲೆ ಅರ್ಜಿ ಹಾಕಿದರೆ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಸಿಗುತ್ತದೆ. ಅದರಲ್ಲಿ ವೋಟೂ ಇಲ್ಲ, ಜಮೀನು ಖರೀದಿಯೂ ಇಲ್ಲ. ಅತ್ತೆ ಬೇಡ ಅನ್ನುವುದಕ್ಕೆ ಕಾರಣ ಬೇರೆ ಇರಬಹುದು, ಆದರೆ ಅವರ ಮಾತೇ ಸರಿ.

ಕೋಲಾರ ಇಲ್ಲವೇ ಜರ್ಮನಿ ಅಂತ ಎರಡೇ ದಾರಿ ಇಟ್ಟುಕೊಂಡಿದ್ದೀರಿ, ಮಧ್ಯೆ ಬೆಂಗಳೂರು ಇದೆ. ಕೆಜಿಎಫ್‌ನ ಗಣಿ 2001ರಲ್ಲಿ ಮುಚ್ಚಿದ ಮೇಲೆ ಅಲ್ಲಿನ ಸಾವಿರಾರು ಜನ ಬೆಂಗಳೂರಿಗೆ ಬೆಳಗಿನ ಟ್ರೈನ್ ಹತ್ತಿಯೇ ಮನೆ ಉಳಿಸಿಕೊಂಡರು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಎಂಟು ವರ್ಷದ ಅನುಭವಕ್ಕೆ ಎಷ್ಟು ಕೊಡುತ್ತಾರೆ, ವಿಚಾರಿಸಿ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ತರಗತಿಯೂ ಇದೆ. ಸಂಬಳ ಸ್ವಲ್ಪ ಏರುತ್ತದೆ, ಭಾಷೆಯೂ ಸಾಗುತ್ತದೆ, ಬಿ1 ಹೊತ್ತಿಗೆ ಇದು ನನಗಲ್ಲ ಅನ್ನಿಸಿದರೆ ಹೋದದ್ದು ಫೀಸು ಮಾತ್ರ.

ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು 'ಯಜಮಾನರು ಏನೂ ಹೇಳಲ್ಲ' ಅನ್ನುವುದು. ಅವರು ಅಲ್ಲಿಗೆ ಬಂದರೆ ಹೆಂಡತಿಯ ವೀಸಾ ಮೇಲೆ ಬಂದ ಗಂಡ. ಕೆಲಸ ಮಾಡಲು ಅನುಮತಿ ಇರುತ್ತದೆ, ಭಾಷೆ ಇಲ್ಲದಿದ್ದರೆ ಗೋಡೌನು, ಕ್ಲೀನಿಂಗು, ಹೋಟೆಲ್ ಅಡುಗೆಮನೆ. ಮಗನನ್ನು ಶಾಲೆಗೆ ಬಿಡುವುದು, ಮುದ್ದೆ ತಿರುವುವುದು, ಬಟ್ಟೆ ಒಗೆಯುವುದು ಅವರ ಪಾಲಿಗೇ ಬೀಳುತ್ತದೆ, ಯಾಕೆಂದರೆ ನಿಮ್ಮದು ಶಿಫ್ಟ್. ಊರಿನಲ್ಲಿ ನಾಲ್ಕು ಜನ 'ಅಣ್ಣಾ' ಅಂತ ಕರೆಯುವ ಗಂಡಸಿಗೆ ಇದು ಸುಮ್ನೆ ಅಲ್ಲ. ಇದನ್ನು ಮನಸ್ಸಿಗೆ ತೆಗೆದುಕೊಂಡು ಕುಡಿತಕ್ಕೆ ಬಿದ್ದವರನ್ನೂ ನೋಡಿದ್ದೇನೆ, ಎರಡು ವರ್ಷದಲ್ಲಿ ಭಾಷೆ ಕಲಿತು ಬಸ್ ಡ್ರೈವರ್ ಆದವರನ್ನೂ ನೋಡಿದ್ದೇನೆ. ನಿಮ್ಮವರು ಯಾವ ಕಡೆಯವರು ಅಂತ ನನಗೆ ಗೊತ್ತಾಗುವುದಿಲ್ಲ, ನಿಮಗೆ ಗೊತ್ತಾಗಬೇಕು. ಮುಂದಿನ ತಿಂಗಳು ಎ1 ತರಗತಿ ವಿಚಾರಿಸಲು ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಎರಡು ಫಾರಂ ತನ್ನಿ.