ಕೇಳಿ, ಹೇಳುತ್ತೇನೆ: ಈ ಸಲ ಕುಂಗ್ ಫೂ

ಪ್ರಶ್ನೆ: ಹಳೆಯ ಕುಂಗ್ ಫೂ ಚಿತ್ರಗಳಲ್ಲಿ ಪಾತ್ರ ಬಾಯಿ ಮುಚ್ಚಿದ ಮೇಲೂ ಮಾತು ಮುಗಿದಿರುವುದಿಲ್ಲ. ಡಬ್ಬಿಂಗ್ ಮಾಡಿದವರಿಗೆ ಇದು ಕಾಣುತ್ತಿರಲಿಲ್ಲವೇ?
(ಓದುಗರೊಬ್ಬರು, ಭದ್ರಾವತಿ)

ಉತ್ತರ: ಕಾಣುತ್ತಿತ್ತು, ಏನೂ ಮಾಡುವಂತಿರಲಿಲ್ಲ. ಎಪ್ಪತ್ತರ ದಶಕದ ಹಾಂಕಾಂಗ್, ತೈವಾನ್‌ಗಳಲ್ಲಿ ಚಿತ್ರೀಕರಣದ ಸ್ಥಳದಲ್ಲೇ ಧ್ವನಿ ಮುದ್ರಿಸುವ ರೂಢಿ ಇರಲಿಲ್ಲ. ಒಬ್ಬ ನಟ ಕ್ಯಾಂಟನೀಸ್‌ನಲ್ಲಿ ಕೇಳಿ, ಇನ್ನೊಬ್ಬ ಮತ್ತೊಂದು ಚೀನೀ ನುಡಿಯಾದ ಮ್ಯಾಂಡರಿನ್‌ನಲ್ಲಿ ಉತ್ತರಿಸಿದರೂ ನಡೆಯುತ್ತಿತ್ತು. ಮಾತು, ಗುದ್ದು, ತೋಳು ಬೀಸಿದಾಗಿನ ‘ಹುಶ್’ ಎಲ್ಲವೂ ಆಮೇಲೆ ಸೇರುತ್ತಿದ್ದವು. ಹಾಗಾಗಿ ಚೀನೀ ಆವೃತ್ತಿಯಲ್ಲೂ ತುಟಿ ಹೊಂದುವುದಿಲ್ಲ. ಇಂಗ್ಲಿಷ್ ಆವೃತ್ತಿಗಂತೂ ಹಾಂಕಾಂಗ್‌ನಲ್ಲಿದ್ದ ಬೆರಳೆಣಿಕೆಯ ಕಂಠಗಳೇ ಗತಿ. ಒಂದು ಚಿತ್ರದಲ್ಲಿ ಪ್ರಾಣ ಬಿಟ್ಟ ಗುರುವಿನ ದನಿ ಇನ್ನೊಂದರಲ್ಲಿ ಬಿಳಿ ಹುಬ್ಬಿನ ಖಳನ ಬಾಯಿಂದ ಹೊರಡುವುದು ಇದರಿಂದಲೇ. ನನಗೆ ಇದು ದೋಷವೆನಿಸುವುದಿಲ್ಲ. ಆ ಗಡ್ಡಗಳಿಗೆ ಹಾಕಿದ ಅಂಟು ಮಾತ್ರ ದೋಷವೇ.

ಪ್ರಶ್ನೆ: ಬ್ರೂಸ್ ಲೀ ಹೆಸರಿನಲ್ಲಿ ರಾಶಿ ರಾಶಿ ಕ್ಯಾಸೆಟ್‌ಗಳಿದ್ದವಲ್ಲ, ಅಷ್ಟೂ ಅವನವೇ?
(ಓದುಗರು, ಗದಗ)

ಉತ್ತರ: ಎಲ್ಲಿಂದ ಬಂತು! ನಾಯಕನಾಗಿ ಲೀ ಮುಗಿಸಿದ ಕುಂಗ್ ಫೂ ಚಿತ್ರಗಳು ನಾಲ್ಕೇ. 1973ರ ಜುಲೈ 20ರಂದು ತೀರಿಕೊಂಡಾಗ ‘ಗೇಮ್ ಆಫ್ ಡೆತ್’ ಅರ್ಧಕ್ಕೆ ನಿಂತಿತ್ತು. ಅದರ ಬೆನ್ನಿಗೆ ಬ್ರೂಸ್ ಲಿ, ಬ್ರೂಸ್ ಲೆ, ಡ್ರ್ಯಾಗನ್ ಲೀ ಎಂದು ನಕಲಿಗಳು ಸಾಲುಗಟ್ಟಿ ಬಂದರು. ಪೋಸ್ಟರಿನ ಅಕ್ಷರವನ್ನು ಕಣ್ಣು ಕಿರಿದು ಮಾಡಿ ಓದದಿದ್ದರೆ ಟಿಕೆಟ್ ಕಾಸು ಹೋದಂತೆಯೇ. 1977ರ ಒಂದು ಚಿತ್ರದಲ್ಲಿ ಸತ್ತ ಲೀ ಪಾತಾಳಕ್ಕೆ ಹೋಗಿ ಡ್ರಾಕುಲಾ, ಕಾರ್ಟೂನಿನ ಪಪಾಯ್‌ರನ್ನು ಭೇಟಿಯಾಗುತ್ತಾನೆ. ಇದನ್ನು ನಕ್ಕು ಮರೆಯಬಹುದು. ನಾನು ಕ್ಷಮಿಸದಿರುವುದು ‘ಗೇಮ್ ಆಫ್ ಡೆತ್’ ಅನ್ನು 1978ರಲ್ಲಿ ಪೂರ್ತಿ ಮಾಡಿದ ರೀತಿಯನ್ನು. ದೊಡ್ಡ ಕಪ್ಪು ಕನ್ನಡಕ ಹಾಕಿದ ಬದಲಿ ನಟರು ಚಿತ್ರದುದ್ದಕ್ಕೂ ಮುಖ ತಿರುಗಿಸಿಕೊಂಡೇ ಓಡಾಡುತ್ತಾರೆ. ಒಂದು ದೃಶ್ಯದಲ್ಲಿ ಕನ್ನಡಿಯಲ್ಲಿ ಕಾಣುವ ಬದಲಿ ನಟನ ಮುಖದ ಜಾಗದಲ್ಲಿ ಕತ್ತರಿಸಿದ ಲೀ ಫೋಟೋ ಕೂರಿಸಿದ್ದಾರೆ. ಕೆಳಗಿನ ದೇಹ ಅಲುಗುತ್ತದೆ, ಮುಖ ಅಲುಗುವುದಿಲ್ಲ. ಅಷ್ಟು ಸಾಲದೆಂದು ಲೀ ಅಂತ್ಯಕ್ರಿಯೆಯ ನಿಜವಾದ ದೃಶ್ಯಗಳನ್ನೂ ಕಥೆಗೆ ಬಳಸಿಕೊಂಡರು. ದುಡ್ಡಿಲ್ಲದ್ದು ಬೇರೆ, ನಾಚಿಕೆಯಿಲ್ಲದ್ದು ಬೇರೆ.

ಪ್ರಶ್ನೆ: ಒಂದು ಚಿತ್ರದಲ್ಲಿ ನಮ್ಮ ದೇಶದ ಯೋಗಿಯ ಕೈ ಮಾರುದ್ದ ಬೆಳೆಯುತ್ತದೆ. ಯಾವುದದು?
(ಓದುಗರು, ಮೈಸೂರು)

ಉತ್ತರ: 1976ರ ‘ಮಾಸ್ಟರ್ ಆಫ್ ದಿ ಫ್ಲೈಯಿಂಗ್ ಗಿಲೊಟಿನ್’. ಯೋಗಿ ನಮ್ಮವನು, ನಟ ಚೀನಾದವನು, ತೋಳು ಯಾವ ಆಸನದ ಫಲವೆಂದು ಪತಂಜಲಿಯೂ ಹೇಳಲಾರ. ನಾಯಕ ಜಿಮ್ಮಿ ವಾಂಗ್ ಯೂ ಒಂಟಿ ಕೈಯವನು. ಇನ್ನೊಂದು ಕೈ ಅಂಗಿಯೊಳಗೆ ಭದ್ರವಾಗಿದೆಯೆಂದು ಮಕ್ಕಳಿಗೂ ಗೊತ್ತಾಗುತ್ತದೆ. ಕಥೆ ಚೀನಾವನ್ನು ಹಿಂದೆ ಆಳಿದ ಚಿಂಗ್ ದೊರೆಗಳ ಕಾಲದ್ದು, ಖಳ ಬರುವಾಗ ಮೊಳಗುವುದು ಜರ್ಮನಿಯ ‘ನೋಯ್’ ತಂಡದ ರಾಕ್ ಸಂಗೀತ. ತಪ್ಪದೇ ನೋಡಿ.

ಪ್ರಶ್ನೆ: ಕಥೆಗೆ ಸಂಬಂಧವೇ ಇಲ್ಲದ ನಿಂಜಾಗಳು ನಡುನಡುವೆ ನುಗ್ಗುವುದೇಕೆ?
(ಓದುಗರು, ಪುತ್ತೂರು)

ಉತ್ತರ: ನಿಂಜಾ, ಅಂದರೆ ಮುಸುಕಿನ ಗೂಢಚಾರ, ಜಪಾನಿನ ಸರಕು, ಆದರೂ ಹೇಳುತ್ತೇನೆ. ಎಂಬತ್ತರ ದಶಕದ ಹಾಂಕಾಂಗ್‌ನಲ್ಲಿ ಗಾಡ್‌ಫ್ರೇ ಹೋ ಎಂಬ ನಿರ್ದೇಶಕ ಇದ್ದ. ಬೇರೆಯವರ ಏಷ್ಯನ್ ಚಿತ್ರಕ್ಕೆ ಹೊಸದಾಗಿ ತೆಗೆದ ಒಂದಷ್ಟು ನಿಂಜಾ ದೃಶ್ಯಗಳನ್ನು ಹೊಲಿಯುವುದು ಈತನ ಕಸುಬು. ಎರಡು ಚಿತ್ರಗಳ ಪಾತ್ರಗಳು ಎದುರುಬದುರಾಗಲು ಸಾಧ್ಯವಿಲ್ಲವಾದ್ದರಿಂದ ಫೋನಿನಲ್ಲೇ ವ್ಯವಹಾರ. ‘ನಿಂಜಾ ಟರ್ಮಿನೇಟರ್’ನಲ್ಲಿ ಅಮೆರಿಕದ ನಟ ರಿಚರ್ಡ್ ಹ್ಯಾರಿಸನ್ ಗಂಭೀರವಾಗಿ ಆಜ್ಞೆ ಕೊಡುವುದು ಕಾರ್ಟೂನಿನ ಗಾರ್‌ಫೀಲ್ಡ್ ಬೆಕ್ಕಿನ ಆಕಾರದ ಕಿತ್ತಳೆ ಬಣ್ಣದ ಫೋನಿನಲ್ಲಿ!

ಪ್ರಶ್ನೆ: ಒದೆ ಬಿದ್ದವನು ತೆರೆಯಲ್ಲೇ ಕಾಣುವುದಿಲ್ಲ. ಇದೂ ಬಡತನವೇ?
(ಓದುಗರು, ದಾವಣಗೆರೆ)

ಉತ್ತರ: ಅದು ಕ್ಯಾಸೆಟ್ಟಿನವರ ಕೆಲಸ. ಅಗಲ ಪರದೆಗೆಂದು ತೆಗೆದದ್ದನ್ನು ಚೌಕ ಟಿವಿಗೆ ಹೊಂದಿಸಲು ಎರಡೂ ಬದಿ ಕತ್ತರಿಸುತ್ತಿದ್ದರು. ವಿಡಿಯೋ ಪಾರ್ಲರಿನ ಬೆಂಚಿನಲ್ಲಿ ಕುಳಿತು ನಾವು ಬರೀ ಕಾಲನ್ನೇ ನೋಡಿ ಶಿಳ್ಳೆ ಹಾಕಿದ್ದೂ ಉಂಟು. ಈಗ ಡಿಸ್ಕ್‌ಗಳಲ್ಲಿ ಪೂರ್ತಿ ಅಗಲದ ಪ್ರತಿ ಸಿಗುತ್ತದೆ. ಕ್ಯಾಸೆಟ್ಟಿನಿಂದ ಎತ್ತಿ ಯೂಟ್ಯೂಬಿಗೆ ಹಾಕಿದ್ದನ್ನು ಮುಟ್ಟಬೇಡಿ.